ಹದಿನಾಲ್ಕು ಪುಟ್ಟ ಪ್ರಾಜೆಕ್ಟ್, ಒಬ್ಬ ಮೇಂಟೇನರ್: ಓಪನ್ ಸೋರ್ಸ್ ರೆಪೊಗಳನ್ನು ಒಟ್ಟಿಗೆ ಸಂಭಾಳಿಸುವ ಸಮಗ್ರ ಮಾರ್ಗದರ್ಶಿ

ಇನ್ನೂರು ಸಾಲಿನ ಒಂದು ಟೂಲ್. ಸಿಎಸ್‌ವಿ ಫೈಲ್‌ಗಳಲ್ಲಿ ಅಡ್ಡಾದಿಡ್ಡಿ ಬರೆದ ತಾರೀಖುಗಳನ್ನೆಲ್ಲ ಒಂದೇ ರೂಪಕ್ಕೆ ತರುವುದು ಅದರ ಕೆಲಸ. ಒಂದು ಶನಿವಾರ ಕೂತು ಬರೆದೆ, ಕೋಡ್ ಇಡುವ ತಾಣವಾದ ಗಿಟ್‌ಹಬ್‌ಗೆ ಹಾಕಿದೆ, ಪೈಥಾನ್ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐಗೆ ಏರಿಸಿದೆ, ಮರೆತೆ. ಮೂರು ವರ್ಷದ ಮೇಲೆ ಯಾರೋ ಇಶ್ಯೂ (ದೂರು) ತೆರೆದರು: ಹೊಸ ಪೈಥಾನ್‌ನಲ್ಲಿ ಶುರುವಾಗುವಾಗಲೇ ಕ್ರ್ಯಾಶ್. ನೋಡಿದರೆ, ಪೈಥಾನ್ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಎಂಬ ಹಳೇ ಮಾಡ್ಯೂಲನ್ನು ತೆಗೆದುಹಾಕಿದ್ದರು. 'ಯೆಸ್', 'ನೋ' ಎಂಬ ಪದಗಳನ್ನು ಟ್ರೂ, ಫಾಲ್ಸ್ ಮಾಡುವ ಪುಟಾಣಿ ಫಂಕ್ಷನ್ ಒಂದನ್ನು ನಾನು ಅಲ್ಲಿಂದ ಎತ್ತಿಕೊಂಡಿದ್ದೆ. ಅದರ ಜಾಗದಲ್ಲಿ ನಾಲ್ಕು ಸಾಲು ಬರೆದರೆ ಮುಗಿಯಿತು.

ಆ ನಾಲ್ಕು ಸಾಲನ್ನು ಜನರಿಗೆ ತಲುಪಿಸಲು ಇಡೀ ಭಾನುವಾರ ಹೋಯಿತು. ಟೆಸ್ಟ್ ಓಡಿಸುವ ಕಮಾಂಡ್ ಯಾವುದೆಂದೇ ನೆನಪಿಲ್ಲ. ಹಳೇ ಟ್ಯಾಗ್‌ಗಳಲ್ಲಿ (ರಿಲೀಸ್‌ಗೆ ಅಂಟಿಸುವ ವರ್ಷನ್ ಗುರುತುಗಳು) ಕೆಲವಕ್ಕೆ ಮುಂದೆ 'ವಿ' ಇದೆ, ಕೆಲವಕ್ಕೆ ಇಲ್ಲ. ಅಪ್‌ಲೋಡ್ ಟೋಕನ್ (ಪೈಪಿಐಗೆ ಏರಿಸಲು ಬೇಕಾದ ಗುಟ್ಟಿನ ಕೀಲಿ) ಇದ್ದದ್ದು ಕೆಟ್ಟುಹೋದ ಲ್ಯಾಪ್‌ಟಾಪ್‌ನಲ್ಲಿ. 2024ರಿಂದ ಪೈಪಿಐ ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿದೆ. ನಾನು ಅದನ್ನು ಆನ್ ಮಾಡಿಯೇ ಇರಲಿಲ್ಲ. ಕೋಡ್ ಕಷ್ಟವಾಗಿರಲಿಲ್ಲ. ಕೋಡ್ ಸುತ್ತಲಿನ ಸಾಮಾನು ಎಲ್ಲೆಲ್ಲೋ ಚೆಲ್ಲಿತ್ತು, ಅಷ್ಟೇ.

ಅವತ್ತಿನಿಂದ ನನ್ನ ಪರೀಕ್ಷೆ ಒಂದೇ. ವರ್ಷದಿಂದ ಮುಟ್ಟದ ಪ್ರಾಜೆಕ್ಟ್ ತೆರೆದು, ಒಂದು ಸಾಲು ತಿದ್ದಿ, ಹೊಸ ರಿಲೀಸ್ ಬಿಡಲು ಅರ್ಧ ಗಂಟೆ ಸಾಕೇ? ಸಾಕಾದರೆ ಪ್ರಾಜೆಕ್ಟ್ ಆರೋಗ್ಯವಾಗಿದೆ. ಕೆಳಗಿರುವ ಹೆಜ್ಜೆಗಳೆಲ್ಲ ಈ ಅರ್ಧ ಗಂಟೆಗಾಗಿ. ದೊಡ್ಡ ಪ್ರಾಜೆಕ್ಟ್ ನಡೆಸುವವರ ಚಿಂತೆಗಳು ಬೇರೆ, ಅವು ಇಲ್ಲಿಲ್ಲ.

ಹೆಜ್ಜೆ 1: ಮೊದಲು ಎಣಿಸಿ

ನಿಮ್ಮ ಹತ್ತಿರ ಎಷ್ಟು ಪ್ರಾಜೆಕ್ಟ್ ಇವೆ ಎಂದು ಯಾರಾದರೂ ಕೇಳಿದರೆ ಹೇಳುವ ಸಂಖ್ಯೆ ತಪ್ಪಾಗಿರುತ್ತದೆ. ನಾನು ಒಂಬತ್ತು ಅಂದುಕೊಂಡಿದ್ದೆ, ಹದಿನಾಲ್ಕು ಸಿಕ್ಕವು. ರೆಪೊಗಳ (ಪ್ರಾಜೆಕ್ಟ್‌ನ ಕೋಡ್ ಇರುವ ಜಾಗಗಳ) ಪಟ್ಟಿ ಮಾತ್ರ ನೋಡಿದರೆ ಸಾಲದು. ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರ), ಪೈಪಿಐ, ಡಾಕರ್ ಹಬ್, ಬ್ರೌಸರ್ ಎಕ್ಸ್‌ಟೆನ್ಷನ್ ಅಂಗಡಿಗಳು, ಹಳೇ ಈಮೇಲ್‌ನಲ್ಲಿ ತೆರೆದ ಖಾತೆಗಳು, ಇವೆಲ್ಲವನ್ನೂ ತಡಕಾಡಿ. ಜನ ಇನ್‌ಸ್ಟಾಲ್ ಮಾಡುವುದು ಅಲ್ಲಿಂದ, ರೆಪೊದಿಂದ ಅಲ್ಲ.

ಒಂದು ಸಾದಾ ಟೆಕ್ಸ್ಟ್ ಫೈಲ್ ಸಾಕು. ಪ್ರತಿ ಪ್ರಾಜೆಕ್ಟ್‌ಗೆ ಒಂದು ಸಾಲು: ಹೆಸರು, ಎಲ್ಲೆಲ್ಲಿ ಪ್ರಕಟವಾಗಿದೆ, ಯಾವ ಖಾತೆಯಿಂದ, ಕೊನೆಯ ರಿಲೀಸ್ ಯಾವಾಗ, ನಾನು ಈಗಲೂ ಬಳಸುತ್ತೇನಾ. ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ನಾವೇ ಬಳಸದ ಟೂಲ್‌ನ ಬಗ್ ನಮಗೆ ಕಾಣುವುದೇ ಇಲ್ಲ.

ಡೌನ್‌ಲೋಡ್ ಸಂಖ್ಯೆಗೆ ಮರುಳಾಗಬೇಡಿ. ಅದರಲ್ಲಿ ಜಾಸ್ತಿ ಪಾಲು ಸಿಐ ಸರ್ವರ್‌ಗಳದ್ದು (ಟೆಸ್ಟ್, ಬಿಲ್ಡ್‌ಗಳನ್ನು ತಾನಾಗಿ ಓಡಿಸುವ ಯಂತ್ರಗಳು) ಮತ್ತು ಮಿರರ್‌ಗಳದ್ದು (ನಕಲು ಭಂಡಾರಗಳು) ಆಗಿರಬಹುದು. ಒಬ್ಬನೇ ಮನುಷ್ಯ ದಿನಕ್ಕೆ ಐವತ್ತು ಸಲ ಬಿಲ್ಡ್ ಓಡಿಸಿದರೂ ಅದು ಐವತ್ತು ಡೌನ್‌ಲೋಡ್ ಆಗಿ ಕಾಣುತ್ತದೆ. ಗಿಟ್‌ಹಬ್‌ನಲ್ಲಿ ಯಾವ ರೆಪೊಗಳು ನಿಮ್ಮದನ್ನು ನೆಚ್ಚಿಕೊಂಡಿವೆ ಎಂದು ತೋರಿಸುವ ಪುಟ ಇದೆ. ಅದು ಎಷ್ಟೋ ನಂಬುವ ಹಾಗಿದೆ.

ಹೆಜ್ಜೆ 2: ಮೂರೇ ಗುಂಪು

ಈಗ ಪ್ರತಿಯೊಂದನ್ನೂ ಮೂರರಲ್ಲಿ ಒಂದು ಗುಂಪಿಗೆ ಹಾಕಿ: ನಡೆಯುತ್ತಿದೆ, ಮುಗಿದಿದೆ, ಬಿಟ್ಟಿದ್ದೇನೆ.

ಎರಡನೆಯ ಗುಂಪಿನ ಬಗ್ಗೆ ಸ್ವಲ್ಪ ಹೇಳಬೇಕು. ಕಮಿಟ್ (ಕೋಡ್‌ನಲ್ಲಿ ದಾಖಲಾದ ಬದಲಾವಣೆ) ಇಲ್ಲದ ರೆಪೊ ಸತ್ತ ರೆಪೊ ಎಂದು ತುಂಬಾ ಜನ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಫೈಲಿನ ಸಾಲುಗಳನ್ನು ಕಲಸಿ ಹಾಕುವ ಟೂಲ್‌ಗೆ ಪ್ರತಿ ತಿಂಗಳೂ ಹೊಸದೇನು ಸೇರಿಸುವುದು? ಕೆಲಸ ಮಾಡುತ್ತಿದೆ, ಬಿಡಿ. ಮುಗಿದದ್ದು ಎಂದರೆ ಹೊಸ ಫೀಚರ್ ಇಲ್ಲ, ಕೆಟ್ಟರೆ ಸರಿ ಮಾಡುತ್ತೇನೆ ಎಂದರ್ಥ. ಬಿಟ್ಟದ್ದು ಎಂದರೆ ಕೆಟ್ಟರೂ ಸರಿ ಮಾಡುವುದಿಲ್ಲ. ಇವೆರಡನ್ನೂ ಬೆರೆಸಿದರೆ ಬಳಸುವವರಿಗೆ ಮೋಸ.

ಗುಂಪು ಯಾವುದೆಂದು ರೀಡ್‌ಮಿ ಫೈಲಿನ ಮೇಲ್ತುದಿಯಲ್ಲೇ ಬರೆಯಿರಿ. ಬ್ಯಾಡ್ಜ್ ಬೇಡ, ವಾಕ್ಯ ಬೇಕು. ನನ್ನದೊಂದು ಹೀಗಿದೆ: "ಈ ಟೂಲ್ ಮುಗಿದಿದೆ. ಹೊಸ ಫೀಚರ್ ಸೇರಿಸುವುದಿಲ್ಲ. ಬಗ್ ತಿಳಿಸಿದರೆ ತಿಂಗಳೊಳಗೆ ನೋಡುತ್ತೇನೆ." ಮೂರು ವಾಕ್ಯ. ಇದನ್ನು ಹಾಕಿದ ಮೇಲೆ ಫೀಚರ್ ಕೇಳುವ ಇಶ್ಯೂಗಳು ಬಹುಪಾಲು ನಿಂತವು. ಜನ ಒರಟರಲ್ಲ, ಅವರಿಗೆ ಗೊತ್ತಿರಲಿಲ್ಲ ಅಷ್ಟೇ.

ಇದೇ ಹೊತ್ತಿಗೆ ಲೈಸೆನ್ಸ್ ಫೈಲ್ ಇದೆಯಾ ನೋಡಿ. ಕೋಡ್ ಎಲ್ಲರಿಗೂ ಕಾಣುತ್ತದೆ ಎಂದ ಮಾತ್ರಕ್ಕೆ ಅದು ಓಪನ್ ಸೋರ್ಸ್ ಆಗುವುದಿಲ್ಲ. ಲೈಸೆನ್ಸ್ ಇಲ್ಲದಿದ್ದರೆ ಬಳಸುವ ಹಕ್ಕೇ ಯಾರಿಗೂ ಸಿಗುವುದಿಲ್ಲ. ಎಲ್ಲ ಪುಟ್ಟ ಪ್ರಾಜೆಕ್ಟ್‌ಗಳಿಗೂ ಒಂದೇ ಲೈಸೆನ್ಸ್ ಇಟ್ಟುಕೊಂಡರೆ, ಒಂದರ ಕೋಡನ್ನು ಇನ್ನೊಂದಕ್ಕೆ ಸಾಗಿಸುವಾಗ ತಲೆನೋವಿಲ್ಲ. ಆದರೆ ಬೇರೆಯವರ ಕೊಡುಗೆ ಇರುವ ಪ್ರಾಜೆಕ್ಟ್‌ನ ಲೈಸೆನ್ಸನ್ನು ನಿಮ್ಮಷ್ಟಕ್ಕೆ ನೀವೇ ಬದಲಿಸಬೇಡಿ, ಅವರ ಒಪ್ಪಿಗೆ ಬೇಕು.

ಹೆಜ್ಜೆ 3: ಎಲ್ಲವೂ ಒಂದೇ ಅಚ್ಚಿನಲ್ಲಿ

ಹೆಚ್ಚು ಸಮಯ ಉಳಿಸುವ ಹೆಜ್ಜೆ ಇದೇ. ಹದಿನಾಲ್ಕು ಪ್ರಾಜೆಕ್ಟ್‌ಗೆ ಹದಿನಾಲ್ಕು ಥರದ ಏರ್ಪಾಡು ಇದ್ದರೆ ನೀವು ಹದಿನಾಲ್ಕು ವಿಷಯ ನೆನಪಿಡಬೇಕು. ಒಂದೇ ಥರ ಇದ್ದರೆ ಒಂದು.

ಕಮಾಂಡ್‌ಗಳಿಂದ ಶುರು ಮಾಡಿ. ನನ್ನ ಯಾವ ರೆಪೊಗೆ ಹೋದರೂ 'ಮೇಕ್ ಟೆಸ್ಟ್', 'ಮೇಕ್ ಲಿಂಟ್' (ಕೋಡ್ ಬರೆದ ರೀತಿಯಲ್ಲಿ ತಪ್ಪು ಹುಡುಕಲು), 'ಮೇಕ್ ರಿಲೀಸ್' ಎಂಬ ಮೂರು ಕಮಾಂಡ್ ಇರುತ್ತವೆ. ಒಳಗೆ ಪೈಥಾನ್ ಇರಲಿ, ಜಾವಾಸ್ಕ್ರಿಪ್ಟ್ ಇರಲಿ, ಶೆಲ್ ಸ್ಕ್ರಿಪ್ಟ್ ಇರಲಿ, ಹೊರಗಿನ ಬಾಗಿಲು ಒಂದೇ. ಮೇಕ್ ಎಂಬ ಈ ಟೂಲ್ 1976ರದ್ದು, ಅದರ ಟ್ಯಾಬ್ ಕಾಟ ಎಲ್ಲರಿಗೂ ಗೊತ್ತು. ಆದರೂ ಹೆಚ್ಚಿನ ಕಡೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ಅದನ್ನೇ ಹಿಡಿದಿದ್ದೇನೆ. ನಿಮಗೆ ಬೇರೆ ಟೂಲ್ ಇಷ್ಟವಾದರೆ ಅದನ್ನೇ ಬಳಸಿ, ಎಲ್ಲ ಕಡೆ ಒಂದೇ ಇರಲಿ.

ಆಮೇಲೆ ಹೆಸರುಗಳು. ಮುಖ್ಯ ಬ್ರಾಂಚ್‌ಗೆ ಎಲ್ಲ ಕಡೆ ಒಂದೇ ಹೆಸರು. ಟ್ಯಾಗ್‌ಗಳಿಗೆ ಒಂದೇ ರೂಪ. ಚೇಂಜ್‌ಲಾಗ್ (ಏನೇನು ಬದಲಾಯಿತು ಎಂಬ ಪಟ್ಟಿ) ಫೈಲ್ ಒಂದೇ ಜಾಗದಲ್ಲಿ. ಇದನ್ನೆಲ್ಲ ಬದಲಿಸುವಾಗ ಬೇಜಾರಾಗುವುದು ಖರೆ, ಆದರೆ ಒಂದೇ ಸಲದ ಕೆಲಸ.

ಗಿಟ್‌ಹಬ್‌ನಲ್ಲಿ ಒಂದು ಸೌಕರ್ಯ ಇದೆ, ತುಂಬಾ ಜನರಿಗೆ ಗೊತ್ತಿಲ್ಲ. ಚುಕ್ಕಿ ಹಾಕಿ ಮುಂದೆ ಗಿಟ್‌ಹಬ್ ಎಂದೇ ಬರೆದ ಹೆಸರಿನ ಒಂದು ಪಬ್ಲಿಕ್ ರೆಪೊ ಮಾಡಿ. ಅದರಲ್ಲಿ ಕೊಡುಗೆ ನಿಯಮಗಳು, ಸೆಕ್ಯುರಿಟಿ ಫೈಲ್, ಇಶ್ಯೂ ಟೆಂಪ್ಲೇಟ್ ಇಟ್ಟರೆ, ಸ್ವಂತದ್ದು ಇಲ್ಲದ ನಿಮ್ಮ ಎಲ್ಲ ರೆಪೊಗಳಿಗೂ ಅವೇ ಅನ್ವಯವಾಗುತ್ತವೆ. ಲೈಸೆನ್ಸ್ ಮಾತ್ರ ಹೀಗೆ ಹರಡುವುದಿಲ್ಲ, ಅದನ್ನು ಪ್ರತಿ ರೆಪೊಗೂ ಹಾಕಲೇಬೇಕು. ಸಿಐ ವರ್ಕ್‌ಫ್ಲೋಗೂ (ತಾನಾಗಿ ಓಡುವ ಕೆಲಸಗಳ ಪಟ್ಟಿ) ಇಂಥದ್ದೇ ದಾರಿ ಇದೆ: ಒಂದು ಕಡೆ ಬರೆದು, ಉಳಿದ ರೆಪೊಗಳಿಂದ ಎರಡು ಮೂರು ಸಾಲಿನಲ್ಲಿ ಅದನ್ನು ಕರೆಯಬಹುದು. ಹದಿನಾಲ್ಕು ಕಡೆ ತಿದ್ದುವ ಬದಲು ಒಂದು ಕಡೆ.

ಉಳಿದ ಫೈಲ್‌ಗಳಿಗೆ ಕಾಪಿಯರ್ ಎಂಬ ಟೂಲ್ ಬಳಸುತ್ತೇನೆ. ಟೆಂಪ್ಲೇಟ್‌ನಿಂದ ಹೊಸ ಪ್ರಾಜೆಕ್ಟ್ ಹುಟ್ಟಿಸುವ ಟೂಲ್‌ಗಳು ಬೇಕಾದಷ್ಟಿವೆ. ಟೆಂಪ್ಲೇಟ್ ಬದಲಾದಾಗ ಆ ಬದಲಾವಣೆಯನ್ನು ಹಳೇ ಪ್ರಾಜೆಕ್ಟ್‌ಗೂ ತಂದು ಕೂರಿಸುವುದು ಇದರ ವಿಶೇಷ.

ಎಲ್ಲವನ್ನೂ ಒಂದೇ ದೊಡ್ಡ ರೆಪೊಗೆ ಸುರಿದರೆ ಆಗದಾ ಎಂದು ಕೇಳಬಹುದು. ಪ್ರಾಜೆಕ್ಟ್‌ಗಳು ಒಂದರ ಮೇಲೊಂದು ನಿಂತಿದ್ದರೆ ಆಗುತ್ತದೆ, ಚೆನ್ನಾಗಿಯೂ ಇರುತ್ತದೆ. ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ ಬೇಡ. ನಾಳೆ ಒಂದನ್ನು ಬೇರೆಯವರಿಗೆ ಕೊಡಬೇಕಾದಾಗ ಬಿಡಿಸುವುದು ರಗಳೆ.

ಹೆಜ್ಜೆ 4: ಹಸಿರು ಬ್ಯಾಡ್ಜ್ ನಂಬಬೇಡಿ

ಪುಟ್ಟ ಪ್ರಾಜೆಕ್ಟ್ ಕೆಡುವುದು ನೀವು ಬದಲಿಸಿದ್ದರಿಂದಲ್ಲ, ಸುತ್ತಲಿನ ಲೋಕ ಬದಲಾದದ್ದರಿಂದ. ಆದ್ದರಿಂದ ಕಮಿಟ್ ಮಾಡಿದಾಗ ಮಾತ್ರ ಟೆಸ್ಟ್ ಓಡಿದರೆ ಏನೂ ತಿಳಿಯುವುದಿಲ್ಲ. ಕಮಿಟ್ ಇಲ್ಲದ ತಿಂಗಳುಗಳಲ್ಲೂ ಓಡಬೇಕು. ತಿಂಗಳಿಗೊಮ್ಮೆ ತಾನಾಗಿ ಓಡುವ ಹಾಗೆ ವೇಳಾಪಟ್ಟಿ ಹಾಕಿ.

ಹಾಕಿದೆ, ನಿಶ್ಚಿಂತೆಯಾಗಿದ್ದೆ. ಏಳು ತಿಂಗಳ ಮೇಲೆ ನೋಡಿದರೆ ಟೆಸ್ಟ್ ಪಾಸಾಗಿದೆ ಎನ್ನುವ ಬ್ಯಾಡ್ಜ್ ಹಸಿರು, ಆದರೆ ಕೊನೆಯ ಓಟ ಐದು ತಿಂಗಳ ಹಿಂದಿನದು! ಪಬ್ಲಿಕ್ ರೆಪೊದಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಗಿಟ್‌ಹಬ್ ವೇಳಾಪಟ್ಟಿಯ ವರ್ಕ್‌ಫ್ಲೋಗಳನ್ನು ನಿಲ್ಲಿಸಿಬಿಡುತ್ತದೆ. ಮುಗಿದ ಪ್ರಾಜೆಕ್ಟ್‌ಗಳಿಗೇ ಈ ಓಟ ಜಾಸ್ತಿ ಬೇಕು, ಅವುಗಳಿಗೇ ನಿಲ್ಲುತ್ತದೆ. ಈಗ ನಾನು ತಿಂಗಳಿಗೊಮ್ಮೆ ನನ್ನ ಕಂಪ್ಯೂಟರ್‌ನಿಂದಲೇ ಒಂದು ಸ್ಕ್ರಿಪ್ಟ್ ಓಡಿಸುತ್ತೇನೆ. ಅದು ಪಟ್ಟಿಯಲ್ಲಿರುವ ಪ್ರತಿ ರೆಪೊದ ವರ್ಕ್‌ಫ್ಲೋವನ್ನೂ ಎಬ್ಬಿಸಿ, ಕೆಂಪಾದವುಗಳ ಹೆಸರು ಮಾತ್ರ ತೋರಿಸುತ್ತದೆ. ಇಪ್ಪತ್ತು ಸಾಲಿನ ಸ್ಕ್ರಿಪ್ಟ್. ಕೈಯಿಂದ ಎಬ್ಬಿಸಲು ಬರುವ ಹಾಗೆ ವರ್ಕ್‌ಫ್ಲೋದಲ್ಲಿ ಮೊದಲೇ ಅನುಮತಿ ಕೊಟ್ಟಿರಬೇಕು, ಅದನ್ನು ಮರೆಯಬೇಡಿ.

ಯಾವ ವರ್ಷನ್‌ಗಳ ಮೇಲೆ ಟೆಸ್ಟ್ ಮಾಡಬೇಕು? ಇದಕ್ಕೆ ನಿಮ್ಮದೇ ನಿಯಮ ಹುಟ್ಟಿಸಬೇಡಿ, ಭಾಷೆಯವರ ಕ್ಯಾಲೆಂಡರ್ ಹಿಡಿಯಿರಿ. ಪೈಥಾನ್‌ಗೆ ಪ್ರತಿ ಅಕ್ಟೋಬರ್‌ನಲ್ಲಿ ಹೊಸ ವರ್ಷನ್ ಬರುತ್ತದೆ, ಪ್ರತಿ ವರ್ಷನ್‌ಗೂ 5 ವರ್ಷ ಬೆಂಬಲ. 3.9ರ ಕಾಲ 2025ರ ಅಕ್ಟೋಬರ್‌ಗೆ ಮುಗಿಯಿತು, ನಾನೂ ಅದನ್ನು ಪಟ್ಟಿಯಿಂದ ತೆಗೆದೆ. ಯಾಕೆ ತೆಗೆದಿರಿ ಎಂದು ಯಾರಾದರೂ ಕೇಳಿದರೆ ವಾದ ಮಾಡುವ ಅಗತ್ಯವಿಲ್ಲ, ಕ್ಯಾಲೆಂಡರ್ ತೋರಿಸಿದರೆ ಆಯಿತು.

ಹೆಜ್ಜೆ 5: ಡಿಪೆಂಡೆನ್ಸಿಗಳ ಭಾರ ಇಳಿಸಿ

ಡಿಪೆಂಡೆನ್ಸಿ ಎಂದರೆ ನಮ್ಮ ಕೋಡ್ ನೆಚ್ಚಿಕೊಂಡ ಬೇರೆಯವರ ಪ್ಯಾಕೇಜ್. ಪುಟ್ಟ ಪ್ರಾಜೆಕ್ಟ್‌ಗೆ ಅತ್ಯುತ್ತಮ ಡಿಪೆಂಡೆನ್ಸಿ ಎಂದರೆ ಇಲ್ಲದ ಡಿಪೆಂಡೆನ್ಸಿ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಎನ್‌ಪಿಎಂ ಪ್ಯಾಕೇಜನ್ನು ಅದರ ಲೇಖಕ ಒಂದು ಜಗಳದ ನಡುವೆ ತೆಗೆದುಹಾಕಿದ. ಬೇಬೆಲ್‌ನಂಥ ದೊಡ್ಡ ಪ್ರಾಜೆಕ್ಟ್‌ಗಳ ಬಿಲ್ಡ್‌ಗಳೇ ಮುರಿದು ಬಿದ್ದವು. ಎಡಗಡೆ ಖಾಲಿ ಜಾಗ ತುಂಬುವುದು, ಅಷ್ಟೇ ಅದರ ಕೆಲಸ! ನನ್ನ ಅಂದಾಜು ಲೆಕ್ಕ: ಮೂವತ್ತು ಸಾಲಿನೊಳಗೆ ನಾನೇ ಬರೆದು ಟೆಸ್ಟ್ ಮಾಡಬಹುದಾದರೆ ಪ್ಯಾಕೇಜ್ ತರುವುದಿಲ್ಲ. ಕ್ರಿಪ್ಟೋಗ್ರಫಿ, ಟೈಮ್‌ಝೋನ್, ಯೂನಿಕೋಡ್ ಇವು ಮೂರಕ್ಕೆ ಈ ಲೆಕ್ಕ ಅನ್ವಯಿಸಬೇಡಿ. ಅವುಗಳಲ್ಲಿ ನಾವು ಬರೆದ ಮೂವತ್ತು ಸಾಲು ಖಂಡಿತ ತಪ್ಪಿರುತ್ತದೆ.

ಇರುವವುಗಳನ್ನು ಡಿಪೆಂಡಬಾಟ್ ಅಥವಾ ರೆನೋವೇಟ್ ಎಂಬ, ಅಪ್‌ಡೇಟ್ ತರುವ ಬಾಟ್ ನೋಡಿಕೊಳ್ಳಲಿ. ಆದರೆ ಬಿಟ್ಟಂತೆ ಬಿಟ್ಟರೆ ಹದಿನಾಲ್ಕು ರೆಪೊದಿಂದ ದಿನಾ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಮಳೆ. ತಿಂಗಳಿಗೊಮ್ಮೆ, ಎಲ್ಲ ಅಪ್‌ಡೇಟ್‌ಗಳನ್ನೂ ಒಂದೇ ಗುಂಪಾಗಿ ತರುವ ಹಾಗೆ ಹೊಂದಿಸಿ. ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಕೂಡಲೇ ಬರಲಿ. ಉಳಿದವಕ್ಕೆ ಕೆಲವು ದಿನ ಕಾಯುವ ವ್ಯವಸ್ಥೆಯೂ ಎರಡರಲ್ಲೂ ಇದೆ, ಆನ್ ಮಾಡಿಕೊಳ್ಳಿ. ದುಷ್ಟ ಕೋಡ್ ತುಂಬಿದ ರಿಲೀಸ್‌ಗಳು ಎಷ್ಟೋ ಸಲ ಕೆಲವೇ ದಿನಗಳಲ್ಲಿ ಸಿಕ್ಕಿಬೀಳುತ್ತವೆ. ಸ್ವಲ್ಪ ತಡವಾಗಿ ಹೋದವನು ಬಚಾವ್.

ಸಿಐನಲ್ಲಿ ಬಳಸುವ ಆ್ಯಕ್ಷನ್‌ಗಳೂ (ಬೇರೆಯವರು ಬರೆದಿಟ್ಟ ಸಿದ್ಧ ಹೆಜ್ಜೆಗಳು) ಡಿಪೆಂಡೆನ್ಸಿಗಳೇ. 2025ರ ಮಾರ್ಚ್‌ನಲ್ಲಿ ಟಿಜೆ-ಆ್ಯಕ್ಷನ್ಸ್ ಗುಂಪಿನ, 23,000ಕ್ಕೂ ಹೆಚ್ಚು ರೆಪೊಗಳು ಬಳಸುತ್ತಿದ್ದ ಒಂದು ಆ್ಯಕ್ಷನ್‌ಗೆ ಯಾರೋ ಕನ್ನ ಹಾಕಿದರು. ಹಳೇ ವರ್ಷನ್ ಟ್ಯಾಗ್‌ಗಳನ್ನೇ ಕಿತ್ತು ದುಷ್ಟ ಕಮಿಟ್ ಕಡೆಗೆ ತಿರುಗಿಸಿದರು. ಗುಟ್ಟಿನ ಟೋಕನ್‌ಗಳು ಬಿಲ್ಡ್ ಲಾಗ್‌ನಲ್ಲಿ ಬಂದು ಬಿದ್ದವು. ರೆಪೊಗೆ ಬರೆಯುವ ಹಕ್ಕು ಸಿಕ್ಕವರು ಟ್ಯಾಗನ್ನು ಸರಿಸಬಹುದು, ಕಮಿಟ್ ಹ್ಯಾಶ್ (ಆ ಕಮಿಟ್‌ಗಷ್ಟೇ ಸೇರಿದ ಗುರುತು) ಸರಿಯುವುದಿಲ್ಲ. ಆ್ಯಕ್ಷನ್ ಕರೆಯುವಾಗ ಟ್ಯಾಗ್ ಬದಲು 40 ಅಕ್ಷರದ ಪೂರ್ತಿ ಹ್ಯಾಶ್ ಬರೆಯಿರಿ. ಓದಲು ಚೆನ್ನಾಗಿರುವುದಿಲ್ಲ, ಪಕ್ಕದಲ್ಲಿ ಕಾಮೆಂಟ್ ಆಗಿ ವರ್ಷನ್ ಹಾಕಿಕೊಳ್ಳಿ.

ಹೆಜ್ಜೆ 6: ರಿಲೀಸ್ ಎಂದರೆ ಒಂದು ಟ್ಯಾಗ್

ಟ್ಯಾಗ್ ತಳ್ಳಿದರೆ ಪ್ಯಾಕೇಜ್ ಹೊರಗೆ ಹೋಗಬೇಕು. ನಡುವೆ ನಿಮ್ಮ ಕೈ ಬರಬಾರದು. ಕೈಯಲ್ಲಿ ಮಾಡುವ ಹೆಜ್ಜೆ ಇದ್ದಷ್ಟೂ ವರ್ಷದ ಮೇಲೆ ಮರೆಯುವ ಹೆಜ್ಜೆಗಳು.

ನನ್ನ ಭಾನುವಾರ ತಿಂದ ಟೋಕನ್ ಸಮಸ್ಯೆಗೆ ಈಗ ಒಳ್ಳೆ ಪರಿಹಾರ ಇದೆ. ಪೈಪಿಐ 2023ರಲ್ಲಿ ಟ್ರಸ್ಟೆಡ್ ಪಬ್ಲಿಷಿಂಗ್ ತಂದಿತು, ಎನ್‌ಪಿಎಂ 2025ರಲ್ಲಿ. "ಈ ರೆಪೊದ ಈ ವರ್ಕ್‌ಫ್ಲೋ ಕಳಿಸಿದರೆ ಒಪ್ಪಿಕೊ" ಎಂದು ಒಮ್ಮೆ ಹೇಳಿಟ್ಟರೆ ಸಾಕು. ಪ್ರತಿ ಸಲ ಕೆಲವೇ ನಿಮಿಷ ಬಾಳುವ ತಾತ್ಕಾಲಿಕ ಗುರುತು ಹುಟ್ಟುತ್ತದೆ. ಕಳೆದುಹೋಗಲು, ಕದಿಯಲು ಶಾಶ್ವತ ಟೋಕನ್ ಇರುವುದೇ ಇಲ್ಲ.

ವರ್ಷನ್ ನಂಬರ್‌ಗೆ ಸೆಮ್ವರ್ ಎಂಬ ಪದ್ಧತಿ ಹಿಡಿಯಿರಿ: ಮುರಿಯುವ ಬದಲಾವಣೆಗೆ ಮೊದಲ ಅಂಕಿ, ಹೊಸದಕ್ಕೆ ನಡುವಿನದು, ತಿದ್ದುಪಡಿಗೆ ಕೊನೆಯದು. ಗೊಂದಲವಾದರೆ ದೊಡ್ಡದನ್ನೇ ಏರಿಸಿ, ಅಂಕಿಗೇನು ಬರವಿಲ್ಲ. ಚೇಂಜ್‌ಲಾಗ್‌ನ ಸಾಲನ್ನು ಕೋಡ್ ಬದಲಿಸಿದ ಕಮಿಟ್‌ನಲ್ಲೇ ಬರೆಯಿರಿ. ರಿಲೀಸ್ ದಿನ ಬರೆಯುತ್ತೇನೆ ಎಂದರೆ "ಸಣ್ಣಪುಟ್ಟ ಸುಧಾರಣೆಗಳು" ಎಂಬ ಸಾಲು ಬರುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ.

ಕೆಟ್ಟ ರಿಲೀಸ್ ಹೋಯಿತಾ? ಅಳಿಸಲು ಹೋಗಬೇಡಿ. ಪೈಪಿಐನಲ್ಲಿ 'ಯಾಂಕ್' ಮಾಡಿ, ಎನ್‌ಪಿಎಂನಲ್ಲಿ 'ಡೆಪ್ರಿಕೇಟ್' ಮಾಡಿ (ಎರಡೂ ಇದನ್ನು ಬಳಸಬೇಡಿ ಎಂಬ ಗುರುತುಗಳು), ಮುಂದಿನ ನಂಬರ್ ಬಿಡಿ. ಅಳಿಸಿದ ನಂಬರನ್ನು ಮತ್ತೆ ಬಳಸಲು ಎರಡೂ ಕಡೆ ಬಿಡುವುದಿಲ್ಲ. ಲೆಫ್ಟ್-ಪ್ಯಾಡ್ ಗಲಾಟೆಯ ನಂತರ ಎನ್‌ಪಿಎಂ ಅಳಿಸುವುದಕ್ಕೇ ಬಿಗಿ ಹಾಕಿದೆ. ಈಗ 72 ಗಂಟೆ ದಾಟಿದ ಮೇಲೆ ಷರತ್ತುಗಳು ಜಾಸ್ತಿ.

ಹೆಜ್ಜೆ 7: ಇಶ್ಯೂಗಳಿಗೆ ಒಂದು ವೇಳೆ

ಬಂದ ಕೂಡಲೇ ಉತ್ತರಿಸುವ ಅಭ್ಯಾಸ ಬಿಡಿ. ಮೊದಮೊದಲು ಹುಮ್ಮಸ್ಸಿನಿಂದ ರಾತ್ರಿ ಹನ್ನೊಂದಕ್ಕೆ ಉತ್ತರಿಸಿದರೆ, ಜನ ಅದನ್ನೇ ನಿಮ್ಮ ವೇಗ ಎಂದು ತಿಳಿಯುತ್ತಾರೆ. ಆರು ತಿಂಗಳಲ್ಲಿ ಸುಸ್ತು. ನನ್ನದು ತಿಂಗಳ ಮೊದಲ ಶನಿವಾರ, ಎರಡು ಗಂಟೆ. ಎಲ್ಲ ನೋಟಿಫಿಕೇಶನ್‌ಗಳೂ ಒಂದು ಈಮೇಲ್ ಫೋಲ್ಡರ್‌ಗೆ ಹೋಗುತ್ತವೆ. ಕೂತಾಗ ಮೊದಲು ಕೆಂಪಾದ ಸಿಐ, ಆಮೇಲೆ ಡಿಪೆಂಡೆನ್ಸಿ ಗುಂಪುಗಳು, ಆಮೇಲೆ ಬಗ್‌ಗಳು, ಕೊನೆಗೆ ಪುಲ್ ರಿಕ್ವೆಸ್ಟ್‌ಗಳು. ಎರಡು ಗಂಟೆ ಮುಗಿದರೆ ಏಳುತ್ತೇನೆ, ಉಳಿದದ್ದು ಮುಂದಿನ ತಿಂಗಳಿಗೆ.

ಇದಕ್ಕೊಂದು ಅಪವಾದ ಸೆಕ್ಯುರಿಟಿ. ಅದಕ್ಕೆ ಬೇರೆ ದಾರಿ ಇರಬೇಕು, ಗುಟ್ಟಾಗಿಯೂ ಇರಬೇಕು. ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ಖಾಸಗಿಯಾಗಿ ದೋಷ ತಿಳಿಸುವ ಆಯ್ಕೆ ಇದೆ, ಆನ್ ಮಾಡಿ.

ಬೇಡ ಎನ್ನಲು ಒಂದು ಉತ್ತರ ಬರೆದಿಟ್ಟುಕೊಳ್ಳಿ. ನನ್ನದು: "ಒಳ್ಳೆ ಯೋಚನೆ. ಆದರೆ ಈ ಟೂಲ್ ಚಿಕ್ಕದಾಗಿಯೇ ಇರಲಿ ಎಂದು ಇದನ್ನು ಸೇರಿಸುತ್ತಿಲ್ಲ. ನಿಮ್ಮ ಫೋರ್ಕ್‌ನಲ್ಲಿ ಮಾಡಿದರೆ ಲಿಂಕ್ ಹಾಕಿ, ರೀಡ್‌ಮಿಯಲ್ಲಿ ತೋರಿಸುತ್ತೇನೆ." ಫೋರ್ಕ್ ಎಂದರೆ ಅವರೇ ನಡೆಸುವ ನಕಲು ರೆಪೊ. ಕೆಲವರು ನಿಜವಾಗಿಯೂ ಮಾಡುತ್ತಾರೆ. ಪುಲ್ ರಿಕ್ವೆಸ್ಟ್ ಒಪ್ಪುವಾಗ ನೆನಪಿರಲಿ: ಬರೆದವರು ಹೋಗುತ್ತಾರೆ, ಕೋಡ್ ನಿಮ್ಮ ಮನೆಯಲ್ಲೇ ಉಳಿಯುತ್ತದೆ. ಟೆಸ್ಟ್ ಇಲ್ಲದೆ ಬಂದ ನಾನೂರು ಸಾಲನ್ನು ನಾನು ಮರ್ಜ್ ಮಾಡುವುದಿಲ್ಲ, ಎಷ್ಟೇ ಚೆಂದ ಇರಲಿ.

ಹಳೇ ಇಶ್ಯೂಗಳನ್ನು ತಾನಾಗಿ ಮುಚ್ಚುವ ಬಾಟ್‌ಗಳು ನನಗೆ ಹಿಡಿಸುವುದಿಲ್ಲ. ಒಬ್ಬರು ಕಷ್ಟಪಟ್ಟು ಬರೆದ ಬಗ್ ವರದಿಯನ್ನು ಯಾರೂ ಓದದೆ ಮುಚ್ಚುವುದು ಸರಿಯಲ್ಲ ಅಲ್ವಾ? ಸರಿ ಮಾಡುವುದಿಲ್ಲವಾದರೆ ಹಾಗೆಂದು ಬರೆದು ನೀವೇ ಮುಚ್ಚಿ.

ಹೆಜ್ಜೆ 8: ಬೀಗದ ಕೈ ಯಾರ ಹತ್ತಿರ

ಮೊದಲು ನಿಮ್ಮ ಖಾತೆ. ರಿಕವರಿ ಕೋಡ್‌ಗಳನ್ನು ಕಾಗದದಲ್ಲಿ ಇಡಿ. ಪ್ಯಾಕೇಜ್ ಖಾತೆಗೆ ಕೊಟ್ಟ ಈಮೇಲ್ ನಿಮ್ಮ ಸ್ವಂತ ಡೊಮೈನ್‌ನದ್ದಾಗಿದ್ದರೆ ಎಚ್ಚರ. ಡೊಮೈನ್ ನವೀಕರಿಸಲು ಮರೆತರೆ ಬೇರೆಯವರು ಅದನ್ನು ಕೊಂಡು, ಪಾಸ್‌ವರ್ಡ್ ಬದಲಿಸಿ, ನಿಮ್ಮ ಹೆಸರಿನಲ್ಲೇ ರಿಲೀಸ್ ಬಿಡಬಹುದು. ಹೆಜ್ಜೆ 1ರ ಪಟ್ಟಿಯಲ್ಲಿ ಖಾತೆಯ ಕಾಲಂ ಇಟ್ಟದ್ದು ಇದಕ್ಕೇ.

ಆಮೇಲೆ ಬೇರೆಯವರಿಗೆ ಕೊಡುವ ವಿಷಯ. 2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬ ಎನ್‌ಪಿಎಂ ಪ್ಯಾಕೇಜ್‌ನ ಮೇಂಟೇನರ್, ತಾನು ಬಳಸದ ಪ್ರಾಜೆಕ್ಟನ್ನು ಕೇಳಿದವರಿಗೆ ಕೊಟ್ಟ. ಪಡೆದವನು ಬಿಟ್‌ಕಾಯಿನ್ ವಾಲೆಟ್ ಒಂದರಿಂದ ಕದಿಯುವ ಕೋಡನ್ನು ಡಿಪೆಂಡೆನ್ಸಿಯ ರೂಪದಲ್ಲಿ ಒಳಗೆ ತಂದ. ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಎಂಬ ಟೂಲ್‌ನ ಕಥೆ ಇನ್ನೂ ಭಯಂಕರ. ಎರಡು ವರ್ಷಕ್ಕೂ ಜಾಸ್ತಿ ಒಳ್ಳೆ ಪ್ಯಾಚ್‌ಗಳನ್ನು ಕೊಡುತ್ತಾ ಬಂದ ಒಬ್ಬರು ಮೇಂಟೇನರ್ ಆದರು. 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಇಟ್ಟರು. ದೂರದ ಕಂಪ್ಯೂಟರ್‌ಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಯಿತೇಕೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಕೆದಕಿದ್ದರಿಂದ 2024ರ ಮಾರ್ಚ್‌ನಲ್ಲಿ ಅದು ಬಯಲಾಯಿತು. ಅಲ್ಲಿ ಹಳೆಯ ಮೇಂಟೇನರ್ ಒಬ್ಬರೇ ದುಡಿಯುತ್ತಿದ್ದರು, ಸುಸ್ತಾಗಿದ್ದರು. ಬೇರೆ ಬೇರೆ ಹೆಸರಿನಲ್ಲಿ ಬಂದವರು "ಇನ್ನೊಬ್ಬರಿಗೆ ಕೊಡಿ" ಎಂದು ಒತ್ತಡ ಹಾಕಿದ್ದರು.

ಹಾಗಾದರೆ ಯಾರಿಗೂ ಕೊಡಬಾರದೇ? ಕೊಡಿ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಇಶ್ಯೂ ನೋಡುವ ಹಕ್ಕು, ಕೆಲವು ತಿಂಗಳ ಮೇಲೆ ಮರ್ಜ್ ಹಕ್ಕು, ರಿಲೀಸ್ ಹಕ್ಕು ಎಲ್ಲಕ್ಕಿಂತ ಕೊನೆಗೆ. ಬೇಗ ಕೊಡಿ ಎಂದು ಯಾರಾದರೂ ಅವಸರ ಮಾಡಿದರೆ ಅಲ್ಲೇ ನಿಲ್ಲಿಸಿ. ಯಾರೂ ಸಿಗದಿದ್ದರೆ ಆರ್ಕೈವ್ ಮಾಡುವುದೇ ಮೇಲು. ಬೇಕಾದವರು ಬೇರೆ ಹೆಸರಿನಲ್ಲಿ ಫೋರ್ಕ್ ನಡೆಸಲಿ, ಬಳಸುವವರು ಕಣ್ಣು ಬಿಟ್ಟು ಆರಿಸಿಕೊಳ್ಳಲಿ.

ಹೆಜ್ಜೆ 9: ಬಾಗಿಲು ಹಾಕುವ ಕ್ರಮ

ಆರ್ಕೈವ್ ಮಾಡಿದ ರೆಪೊ ಓದಲು ಮಾತ್ರ, ಏನನ್ನೂ ಬದಲಿಸಲಾಗುವುದಿಲ್ಲ. ಆದ್ದರಿಂದ ಕ್ರಮ ಮುಖ್ಯ. ಮೊದಲು ತೆರೆದಿರುವ ಇಶ್ಯೂಗಳಿಗೆಲ್ಲ ಒಂದು ಸಾಲಿನ ಉತ್ತರ ಹಾಕಿ ಮುಚ್ಚಿ. ರೀಡ್‌ಮಿಯ ಮೇಲೆ ಬಿಟ್ಟದ್ದು ಯಾವಾಗ, ಯಾಕೆ, ಬದಲಿಗೆ ಏನು ಬಳಸಬಹುದು ಎಂದು ಬರೆಯಿರಿ. ಆ ರೀಡ್‌ಮಿ ಇರುವ ಕೊನೆಯ ರಿಲೀಸ್ ಬಿಡಿ, ಇಲ್ಲದಿದ್ದರೆ ಪೈಪಿಐ, ಎನ್‌ಪಿಎಂ ಪುಟಗಳಲ್ಲಿ ಹಳೆಯದೇ ಕಾಣುತ್ತಿರುತ್ತದೆ. ಎನ್‌ಪಿಎಂ ಆದರೆ ಡೆಪ್ರಿಕೇಟ್ ಸಂದೇಶ, ಪೈಪಿಐ ಆದರೆ ಅಲ್ಲಿಯೂ ಆರ್ಕೈವ್ ಗುರುತು. ಪಬ್ಲಿಷಿಂಗ್ ಹಕ್ಕುಗಳನ್ನು ತೆಗೆಯಿರಿ. ಗಿಟ್‌ನಲ್ಲಿ ಪೂರ್ತಿ ಮಿರರ್ ಕ್ಲೋನ್ (ಇಡೀ ರೆಪೊದ ನಕಲು) ಒಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆಮೇಲೆ ಬಟನ್ ಒತ್ತಿ.

ಒತ್ತಿದ ಮರುಕ್ಷಣ ರೀಡ್‌ಮಿಯಲ್ಲಿ ಒಂದು ಕಾಗುಣಿತದ ತಪ್ಪು ಕಣ್ಣಿಗೆ ಬೀಳುತ್ತದೆ. ಆರ್ಕೈವ್ ತೆಗೆದು, ತಿದ್ದಿ, ಮತ್ತೆ ಹಾಕಬಹುದು. ನಾನು ಎರಡು ಸಲ ಹಾಗೆ ಮಾಡಿದ್ದೇನೆ. ಮೂರನೆಯ ಸಲ ತಪ್ಪನ್ನು ಹಾಗೇ ಬಿಟ್ಟೆ.